ಡೊನ್ ನಿಬಾಲ್ಡೊ ಅವರ ಸೀಟಿ

ವಾಲ್ಪರೈಸೊ ಬಂದರಿನಲ್ಲಿ ಮೀನು ಮಾರುವ ಡೊನ್ ನಿಬಾಲ್ಡೊ ಕಾರ್ಕಾಮೊ ನಮ್ಮ ಗುಡ್ಡದ ಅಗ್ನಿಶಾಮಕ ದಳದಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾರೆ. ಇಲ್ಲಿ ಬೆಂಕಿ ಆರಿಸುವವರಿಗೆ ಸಂಬಳವಿಲ್ಲ, ದಳಕ್ಕೆ ಅವರೇ ಚಂದಾ ಕೊಡುತ್ತಾರೆ. ಸೈರನ್ ಕೂಗಿದರೆ ಸಾಕು, ಅರ್ಧ ಸೀಳಿದ ಮೀನನ್ನು ಹಲಗೆಯ ಮೇಲೇ ಬಿಟ್ಟು ಓಡುತ್ತಾರೆ. ಗಿರಾಕಿಗಳು ಕಾಯುತ್ತಾರೆ, ಕಾಯದವರು ಈ ಊರಿನವರಲ್ಲ.

ನಮ್ಮ ಓಣಿಯೆಂದರೆ ತೊಂಬತ್ತೆರಡು ಮೆಟ್ಟಿಲು. ಮೇಲೆ ರಸ್ತೆ, ಕೆಳಗೆ ನೀಲಗಿರಿ ಮರಗಳ ಕಮರಿ. ಕಮರಿಯ ಅಂಚಿನ ಕೊನೆಯ ಮನೆ ನಮ್ಮದು. ನನ್ನ ಗಂಡ ಎಮೆತೇರಿಯೊಗೆ ಪಾರ್ಶ್ವವಾಯು ಬಡಿದು ನಾಲ್ಕು ವರ್ಷ, ಒಂದು ಮೆಟ್ಟಿಲೂ ಹತ್ತಲಾರ.

ಗ್ಯಾಸ್ ಸಿಲಿಂಡರ್ ಕಳ್ಳತನ ಹೆಚ್ಚಾದಾಗ, ರಸ್ತೆಯ ಪಕ್ಕದ ಮೊದಲ ಮನೆಯ ಡೊನ್ಯಾ ಫ್ರೆಸಿಯಾ ಓಣಿಯ ಬಾಯಿಗೆ ಕಬ್ಬಿಣದ ಗೇಟು ಬೇಕೆಂದಳು. ನಿಬಾಲ್ಡೊ ನೆರೆಹೊರೆಯವರ ಸಂಘದ ಅಧ್ಯಕ್ಷರು.

"ಬೀಗ ಹಾಕಿದ್ರೆ ನಾವು ಪೈಪ್ ತಗೊಂಡು ಎಲ್ಲಿಂದ ಬರೋದು? ಹಾರ್ಕೊಂಡಾ?" ಎಂದರು.

"ನಿಮ್ಗೇನ್ರೀ, ಕದ್ರೆ ನಿಮ್ಮನೇಲಿ ಮೀನಿನ ವಾಸನೆ ಬಿಟ್ರೆ ಇನ್ನೇನು ಸಿಗುತ್ತೆ?" ಎಂದಳು ಫ್ರೆಸಿಯಾ. ಎಲ್ಲರೂ ನಕ್ಕರು. ಕೈ ಎತ್ತಿಸಿದಾಗ ಅಧ್ಯಕ್ಷರೇ ಸೋತರು.

ಅವರು ಮುನಿಸಿಕೊಳ್ಳಲಿಲ್ಲ. ಮರುದಿನ ತಾವೇ ಗೇಟಿನ ಕಂಬ ನೆಡಲು ಬಂದರು. ಒಂದೇ ಮಾತು ಹೇಳಿದರು: ಒಂದು ಕೀಲಿಕೈ ಸದಾ ಫ್ರೆಸಿಯಾಳ ಬಾಗಿಲ ಹಿಂದಿನ ಮೊಳೆಯಲ್ಲೇ ಇರಬೇಕು, ಬೇರೆಲ್ಲೂ ಅಲ್ಲ.

ಅಂದಿನಿಂದ ತಿಂಗಳ ಮೊದಲ ಭಾನುವಾರ, ಸರಿಯಾಗಿ ಊಟದ ಹೊತ್ತಿಗೆ, ನಿಬಾಲ್ಡೊ ಅವರ ಸೀಟಿ: ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಅಭ್ಯಾಸ. ಕೈಗಡಿಯಾರ ಹಿಡಿದು ರಸ್ತೆಯಲ್ಲಿ ನಿಲ್ಲುವರು. ಫ್ರೆಸಿಯಾ ಓಡಿ ಬಂದು ಗೇಟು ತೆಗೆಯಬೇಕು, ನಡುಮನೆಯವರು ಮೆಟ್ಟಿಲಿನ ಹೂಕುಂಡ ಸರಿಸಿ ಬಟ್ಟೆಯ ಹಗ್ಗ ಬಿಚ್ಚಬೇಕು, ಪಕ್ಕದ ಮೂವರು ಹೆಂಗಸರು ಎಮೆತೇರಿಯೊನನ್ನು ಕಂಬಳಿಯಲ್ಲಿ ಎತ್ತಬೇಕು.

"ಅಯ್ಯೋ, ಸಾರು ಆರಿಹೋಗ್ತಿದೆ ಡೊನ್ ನಿಬಾಲ್ಡೊ! ಬೆಂಕಿ ಇಲ್ಲಿಲ್ಲ, ನಿಮ್ಮ ತಲೇಲಿದೆ!"

"ಗೇಟು ತೆಗೆಯೋಕೇ ನಲ್ವತ್ತೈದು ಸೆಕೆಂಡು. ಆಮೆನೂ ಇದಕ್ಕಿಂತ ಜೋರು."

ಕಂಬಳಿಯಲ್ಲಿ ತೂಗಾಡುತ್ತ ಎಮೆತೇರಿಯೊ ಮಾತ್ರ ಖುಷಿಯಾಗಿರುತ್ತಿದ್ದ. ಅವನು ಹೊರಗಿನ ಬಿಸಿಲು ಕಾಣುತ್ತಿದ್ದುದೇ ಆ ದಿನ.

ಫೆಬ್ರವರಿಯ ಒಂದು ಬುಧವಾರ ಮಧ್ಯಾಹ್ನ ದಕ್ಷಿಣದ ಗಾಳಿ ಬೀಸುತ್ತಿತ್ತು. ಕಮರಿಯ ಮರಗಳು ಹೊತ್ತಿಕೊಂಡವು. ನಮ್ಮ ಬೇಲಿಗೆ ಕಿಡಿ ಬಿದ್ದಾಗ ನಾನು ಕೂಗಿದೆನೋ ಇಲ್ಲವೋ, ನೆನಪಿಲ್ಲ. ಪಕ್ಕದ ಮೂವರು ಹೆಂಗಸರೂ ಆಗಲೇ ಒಳಗೆ ಬಂದು ಕಂಬಳಿ ಬಿಚ್ಚಿದ್ದರು. ಯಾರೂ ಯಾರನ್ನೂ ಏನು ಮಾಡೋಣವೆಂದು ಕೇಳಲಿಲ್ಲ.

ನಿಬಾಲ್ಡೊ ಅಗ್ನಿಶಾಮಕ ಬಂಡಿಯಿಂದ ಧುಮುಕಿದಾಗ ಕೈಯಲ್ಲಿ ಬೀಗ ಕತ್ತರಿಸುವ ದೊಡ್ಡ ಕತ್ತರಿ ಇತ್ತಂತೆ. ಅದು ಬೇಕಾಗಲಿಲ್ಲ. ಗೇಟು ಹಾರುಹೊಡೆದಿತ್ತು, ಮತ್ತೆ ಮುಚ್ಚದಂತೆ ಫ್ರೆಸಿಯಾ ತನ್ನ ಏಪ್ರನ್ನಿನಿಂದ ಕಂಬಕ್ಕೆ ಬಿಗಿದಿದ್ದಳು. ಮೆಟ್ಟಿಲ ಮೇಲೆ ಒಂದು ಕುಂಡವಿಲ್ಲ, ಒಂದು ಹಗ್ಗವಿಲ್ಲ. ಎಮೆತೇರಿಯೊನನ್ನು ಹೊತ್ತು ನಾವು ಒಂದು ಪಕ್ಕದಿಂದ ಹತ್ತುತ್ತಿದ್ದೆವು, ಇನ್ನೊಂದು ಪಕ್ಕದಿಂದ ಪೈಪು ಹಾವಿನಂತೆ ಇಳಿಯಿತು. ನಮ್ಮ ಬೇಲಿ ಹೋಯಿತು, ಹಿಂದಿನ ಗೋಡೆಯ ತಗಡು ಕಪ್ಪಾಯಿತು. ಮನೆ ನಿಂತಿತು.

ಸಂಜೆ ಮಸಿ ಮುಖದಲ್ಲಿ ಮೆಟ್ಟಿಲ ಮೇಲೆ ಕುಳಿತು ನೀರು ಕುಡಿಯುತ್ತ ನಿಬಾಲ್ಡೊ ಆ ಏಪ್ರನ್ನನ್ನೇ ನೋಡುತ್ತಿದ್ದರು. ಈಗ ಹೊಗಳುತ್ತಾರೆಂದು ಫ್ರೆಸಿಯಾ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಡೊನ್ಯಾ ಫ್ರೆಸಿಯಾ, ಓಡೋ ಮುಂಚೆ ಒಲೆ ಆರಿಸಿದ್ರಾ?"

ಅವಳು ಮನೆಯೊಳಗೆ ಓಡಿದಳು. ಬಂದಾಗ ಕೈಯಲ್ಲಿ ಕರಕಲಾದ ಬೀನ್ಸ್ ಪಾತ್ರೆ.

"ಫ್ರೆಸಿಯಾ, ಇಡೀ ಗುಡ್ಡ ನೀನು ಉಳಿಸ್ದೆ, ನಿನ್ನ ಅಡುಗೆ ಉಳಿಸಕ್ಕಾಗ್ಲಿಲ್ಲ ನೋಡು," ಎಂದ ಎಮೆತೇರಿಯೊ. ನಿಬಾಲ್ಡೊ ಮನಸಾರೆ ನಕ್ಕಿದ್ದನ್ನು ನಾನು ಕಂಡದ್ದು ಅಂದೇ, ಕಣ್ಣಲ್ಲಿ ನೀರು ಬರುವಷ್ಟು.

ಈಗ ಮೊದಲ ಭಾನುವಾರ ಸೀಟಿಗೆ ಮುಂಚೆಯೇ ಒಲೆ ಆರಿಸಿ, ಗೇಟು ತೆಗೆದು, ಕಂಬಳಿ ಹಿಡಿದು ನಾವೆಲ್ಲ ನಿಂತಿರುತ್ತೇವೆ. ಅದಕ್ಕೂ ಬೈಗುಳ ತಪ್ಪಿದ್ದಲ್ಲ.

"ಇದು ಕಳ್ಳಾಟ! ಎಲ್ಲಾ ಒಳಗೆ ಹೋಗಿ, ಊಟಕ್ಕೆ ಕೂತ್ಕೊಳ್ಳಿ. ನಾನು ಮತ್ತೆ ಊದ್ತೀನಿ."