ನಿಧಿ ನಿಕ್ಷೇಪದ ವೆಂಕಟರಮಣಯ್ಯನವರು

ಮಳವಳ್ಳಿಯಲ್ಲಿ ಜನರಿಗೆ ಕ್ರಯ, ಭೋಗ್ಯದ ಪತ್ರ ಬರೆದುಕೊಡುತ್ತಿದ್ದ ವೆಂಕಟರಮಣಯ್ಯನವರಿಗೆ ‘ನಿಧಿ ನಿಕ್ಷೇಪ ಜಲ ತರು ಪಾಷಾಣ ಸಹಿತ’ ಎಂದು ಬರೆಯದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಹೊಲ ಗದ್ದೆಯ ಪತ್ರಕ್ಕೆ ಅದು ಸರಿಯೇ. ಒಮ್ಮೆ ಎಮ್ಮೆ ಮಾರಿದ ಚೀಟಿಗೂ ಅದನ್ನೇ ಬರೆದರು. ಎಮ್ಮೆಯ ಹೊಟ್ಟೆಯಲ್ಲಿ ಯಾವ ನಿಧಿ ಸ್ವಾಮಿ ಎಂದು ಕೇಳಿದೆ. “ಇರಲಿ ಬಿಡಿ ಮೇಷ್ಟ್ರೇ, ಪತ್ರ ಅಂದಮೇಲೆ ಒಂದು ಗಾಂಭೀರ್ಯ ಬೇಡವೇ?” ಎಂದು ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡರು.

ನಾನು ಅಲ್ಲಿನ ಮಿಡ್ಲ್ ಸ್ಕೂಲಿನ ಮೇಷ್ಟ್ರು, ಅವರ ಪಕ್ಕದ ಮನೆಯವನು. ಅವರು ವಾಸವಿದ್ದ ಮನೆ ಹೆಂಡತಿ ಸೀತಮ್ಮನವರಿಗೆ ತಂದೆ ಕೊಟ್ಟದ್ದು. ಹೆಂಡತಿಯ ಮನೆಯಲ್ಲಿದ್ದಾನೆ ಎಂದು ಊರು ಆಡಿಕೊಳ್ಳುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಹಾಗಾಗಿ ಮದ್ದೂರು ರಸ್ತೆಯಲ್ಲಿ ನಿವೇಶನ ಕೊಂಡು ಮಂಗಳೂರು ಹೆಂಚಿನ ಮನೆ ಕಟ್ಟಲು ಹೊರಟರು. ಬ್ಲಫಿನ ವಿದ್ಯುತ್ ಕೇಂದ್ರದಿಂದ ಕರೆಂಟು ಎಳೆಸುವ ಮಾತೂ ಆಡಿದರು. ಗೋಡೆ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಕೈ ಬರಿದಾಯಿತು.

ಹಳೆಯ ಮನೆ ಮಾರಿ ಎಂದವರ ಮೇಲೆ ಕೆಂಡ ಕಾರಿದರು. “ಮಾರೋದೇ? ನಾನು ಎರಡು ಮನೆ ಯಜಮಾನ ಅನ್ನಿಸಿಕೊಳ್ಳಬೇಕು!” ಕೊನೆಗೆ ಮನೆಯ ಮುಂಭಾಗವನ್ನು ಮಂಡ್ಯದಿಂದ ಬಂದಿದ್ದ ಬೆಲ್ಲದ ವ್ಯಾಪಾರಿ ಚನ್ನಪ್ಪನಿಗೆ ಭೋಗ್ಯಕ್ಕೆ ಕೊಟ್ಟರು. ಬಡ್ಡಿಯ ಬದಲಿಗೆ ಆತ ಅಲ್ಲಿರುವುದು, ಹಣ ತೀರಿಸಿದ ದಿನ ಖಾಲಿ ಮಾಡುವುದು. ಅಡುಗೆಮನೆ, ಹಿತ್ತಲು, ಬಾವಿ ತಮಗೇ ಎಂದು ಬಾಯಿಮಾತಾಯಿತು. ಹೊಸ ಮನೆಗೆಂದು ತರಿಸಿದ ಕಲ್ಲಿನ ರಾಶಿಯೂ ಬಾಗಿಲಿಗೆಂದು ನೋಡಿಟ್ಟಿದ್ದ ಹಲಸಿನ ಮರವೂ ಆ ಹಿತ್ತಲಲ್ಲೇ ಇದ್ದವು.

“ಬಾವಿ ನಮಗೇ ಉಳಿಯುತ್ತೆ ತಾನೆ?” ಎಂದು ಸೀತಮ್ಮ ಕೇಳಿದರು.

“ಪತ್ರ ಬರೆಯೋನು ಯಾರು?” ಎಂದು ಇವರು ಗದರಿದರು.

ಆಕೆ ಸಹಿ ಹಾಕಿದರು. ಸಾಕ್ಷಿಯಾಗಿ ನಾನೂ ಹಾಕಿದೆ, ಓದದೆಯೇ. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ವಾರ ಕಳೆದು ಕಲ್ಲು ತುಂಬಲು ಗಾಡಿ ಬಂದಾಗ ಚನ್ನಪ್ಪ ಅಡ್ಡ ನಿಂತ. “ಪಾಸಾಣ ಅಂದ್ರೆ ಕಲ್ಲು ಅಲ್ವಾ ಸೋಮಿ? ತರು ಅಂದ್ರೆ ಮರ. ಜಲ ಅಂದ್ರೆ ಬಾವಿ. ನೀವೇ ಬರ್ದಿರೋದು, ನಾನೇನ್ ಕೇಳುದ್ನಾ?”

ನಾನು ಪತ್ರ ತರಿಸಿ ಓದಿದೆ. ಎಮ್ಮೆಗೆ ಬರೆದ ಸಾಲು ಚಾಚೂ ತಪ್ಪದೆ ಅಲ್ಲಿತ್ತು; ಹಿತ್ತಲು, ಬಾವಿ ತಮಗೇ ಎಂಬ ಮಾತು ಮಾತ್ರ ಎಲ್ಲೂ ಇರಲಿಲ್ಲ. ಸೀತಮ್ಮ ಖಾಲಿ ಕೊಡ ಹಿಡಿದು ನಿಂತಿದ್ದರು. ಅಂದಿನಿಂದ ಅಪ್ಪ ತೋಡಿಸಿದ ಬಾವಿಯಿಂದ ನೀರು ಸೇದಲು ಅವರು ಚನ್ನಪ್ಪನ ಹೆಂಡತಿಯ ಅಪ್ಪಣೆ ಕೇಳಬೇಕಾಯಿತು. ವೆಂಕಟರಮಣಯ್ಯನವರು ಮಾತ್ರ ಅಂದು ಸಂಜೆ ನನ್ನ ಜಗುಲಿಯಲ್ಲಿ ಕೂತು, “ಬಿಗಿ ನೋಡಿದಿರಾ ಮೇಷ್ಟ್ರೇ? ನಾನು ಬರೆದ ಪತ್ರವನ್ನು ಯಾವ ಲಾಯರೂ ಅಲ್ಲಾಡಿಸಲಾರ!” ಎಂದರು. ತಮ್ಮನ್ನು ತಾವೇ ಬೀದಿಗೆ ತಂದುಕೊಂಡು ಅದೇ ಪತ್ರದ ಒಕ್ಕಣೆಯನ್ನು ಮೆಚ್ಚಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಎರಡು ಮಳೆಗಾಲಕ್ಕೆ ಹೊಸ ಗೋಡೆಗಳ ಮೇಲೆ ಎಕ್ಕದ ಗಿಡ ಎದ್ದಿತು. ಅಷ್ಟರಲ್ಲಿ ನನಗೆ ಮಂಡ್ಯಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಸೀತಮ್ಮ ಗಂಡನನ್ನು ಕರೆದುಕೊಂಡು ಬಂದು ಛಾಪಾ ಕಾಗದವನ್ನು ನನ್ನ ಮುಂದಿಟ್ಟರು. ನಿವೇಶನ, ಅರ್ಧ ಗೋಡೆ ಎಲ್ಲವನ್ನೂ ಮಾರಿ ಹಳೆಯ ಮನೆ ಬಿಡಿಸಿಕೊಳ್ಳುವುದೆಂದು ಆಕೆ ತೀರ್ಮಾನಿಸಿದ್ದರು.

“ನೀವೇ ಬರೀರಿ ಮೇಷ್ಟ್ರೇ. ಇವರ ಕೈಗೆ ಕೊಟ್ಟರೆ ಕೊಂಡವರಿಗೆ ನನ್ನನ್ನೂ ಸೇರಿಸಿ ಬರೆದುಬಿಡ್ತಾರೆ.”

ಬರೆದೆ. ವೆಂಕಟರಮಣಯ್ಯನವರು ಅದನ್ನು ಎರಡು ಸಲ ಓದಿದರು. ಬೆರಳು ಮಸಿಕುಡಿಕೆಯ ಕಡೆಗೆ ಹೋಯಿತು. “ತುಂಬಾ ಬೋಳಾಯ್ತು. ಒಂದೇ ಒಂದು ಸಾಲು ಸೇರಿಸಲೇ?” ಎಂದರು.

ಸೀತಮ್ಮ ಮಸಿಕುಡಿಕೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಲೇಖನಿಯನ್ನು ತಾವೇ ಅದ್ದಿ ಗಂಡನ ಕೈಗೆ ಕೊಟ್ಟರು.

“ಸಹಿಗೆ ಇಷ್ಟು ಮಸಿ ಸಾಕು” ಎಂದರು.