ಹದಿನಾರು ಚಟಾಕಿನ ಲೆಕ್ಕ ಮತ್ತು ಮೊಮ್ಮಗಳ ರೌಟರ್

ನಾನು ಶಾಲೆಗೆ ಹೋಗಿದ್ದು ಮೂರನೇ ಇಯತ್ತೆಯವರೆಗೆ. ಆಮೇಲೆ ಬ್ಯಾಡಗಿಯ ಎಣ್ಣೆ ಅಂಗಡಿಯೊಂದರಲ್ಲಿ ಸೇರು, ಚಟಾಕು ಹಿಡಿದು ಎಣ್ಣೆ ಅಳೆಯುತ್ತ ಬೆಳೆದೆ. ಲೀಟರು ಬರುವ ಹೊತ್ತಿಗೆ ನನಗೆ ಮೀಸೆಯೇ ಬಂದಿತ್ತು. ಇಷ್ಟು ವಿದ್ಯೆಯ ಮೇಲೆ ಕಂಪ್ಯೂಟರಿನ ತಪ್ಪು ಹಿಡಿದೆ ಅಂದರೆ ನೀವು ನಗುತ್ತೀರಿ. ನಗಿರಿ. ನನ್ನ ಮೊಮ್ಮಗಳು ಇವತ್ತಿಗೂ ನಗುತ್ತಾಳೆ.

ಅವಳು ಆಗಷ್ಟೇ ಡಿಪ್ಲೊಮಾ ಮುಗಿಸಿದ್ದಳು. ನಮ್ಮೂರಿನ ಬೀಜದ ಸಾಹುಕಾರರಿಗೆ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಮೂರೂ ಕಡೆ ಅಂಗಡಿ. ಅಲ್ಲಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸವನ್ನು ಇವಳ ಕೈಚಳಕ ನೋಡಲೆಂದು ಕೊಟ್ಟಿದ್ದರು. ಜೋಡಿಸಿದಳು, ಆದರೆ ಒಂದು ತಕರಾರು ಉಳಿಯಿತು. ಪ್ರತಿ ಯಂತ್ರಕ್ಕೂ ಒಂದು ಹೆಸರು, ಜೊತೆಗೆ ಊರಿನದೊಂದು ಅಡ್ಡಹೆಸರು. ಬ್ಯಾಡಗಿಯಲ್ಲಿ ಕೂತವರು ಬ್ಯಾಡಗಿಯ ಯಂತ್ರವನ್ನು ಬರೀ ಹೆಸರಿನಿಂದ ಕರೆದರೆ ಸಾಕು. ರಾಣೆಬೆನ್ನೂರಿನ ಗೋದಾಮಿನದು ಬೇಕಾದರೆ ಅಡ್ಡಹೆಸರನ್ನೂ ಉದ್ದಕ್ಕೆ ಹೊಡೆಯಬೇಕು.

ಸಾಹುಕಾರರು ಹೊಡೆಯುವುದು ಒಂದೇ ಬೆರಳಿನಿಂದ. "ಅಷ್ಟುದ್ದ ಹೊಡಿಯೂದ್ರಾಗ ನಾನ ಬಸ್ ಹತ್ತಿ ರಾಣೆಬೆನ್ನೂರಿಗೆ ಹೋಗಿ ಬರ್ತೇನಿ. ಇವತ್ತ ಸಂಜಿ ಒಳಗ ಸಣ್ಣ ಹೆಸರಿಗೆ ಓ ಅನ್ನಬೇಕು ನೋಡವಾ. ಇಲ್ಲಂದ್ರ ಸೋಮವಾರ ಹುಬ್ಬಳ್ಳಿಂದ ಒಬ್ಬಾಂವ ಬರ್ತಾನ, ಅವನ್ನ ಕೆಲಸಕ್ಕ ಇಟ್ಕೋತೇನಿ" ಎಂದುಬಿಟ್ಟರು.

ಮಧ್ಯಾಹ್ನ ಬುತ್ತಿ ಡಬ್ಬಿ ಹಿಡಿದು ನಾನು ಹೋದಾಗ ಹುಡುಗಿಯ ಮುಖ ಇಷ್ಟೇ ಆಗಿತ್ತು.

"ಯಾಕವ್ವಾ, ಯಂತ್ರ ಮಾತಾಡವಲ್ದೇನು?"

"ಅಜ್ಜಾ, ಸುಮ್ಮ ಕುಂದ್ರು. ನಿನಗ ತಿಳಿಯೂದಲ್ಲ ಇದು."

"ತಿಳಿಯೂದಿಲ್ಲಂತ ನನಗೂ ಗೊತ್ತೈತಿ. ರೊಟ್ಟಿ ತಿನ್ಕೊಂತ ಹೇಳು. ಬಾಯಿ ಹೆಂಗೂ ಆಡತೈತಿ."

ಹೇಳಿದಳು. ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕೂತ ಪುಟ್ಟ ಪೆಟ್ಟಿಗೆಯೇ ರೌಟರ್. ಬೆಳಿಗ್ಗೆ ಯಾವ ಯಂತ್ರ ಎದ್ದರೂ ಇದು ಅದಕ್ಕೊಂದು ನಂಬರು ಹಂಚುತ್ತದೆ. ಆ ಹಂಚಿಕೆಗೆ ಡಿಎಚ್‌ಸಿಪಿ ಅನ್ನುತ್ತಾರಂತೆ. ನಂಬರಿನ ಜೊತೆಗೆ ಅಡ್ಡಹೆಸರುಗಳ ಪಟ್ಟಿಯನ್ನೂ ಕೊಡಬಹುದು. ಬರೀ ಹೆಸರು ಕೇಳಿದರೆ ಮೊದಲು ಬ್ಯಾಡಗಿಯಲ್ಲಿ ಹುಡುಕು, ಅಲ್ಲಿಲ್ಲದಿದ್ದರೆ ರಾಣೆಬೆನ್ನೂರು, ಅಲ್ಲೂ ಇಲ್ಲದಿದ್ದರೆ ಹಾವೇರಿ.

"ಇದೇನು ದೊಡ್ಡದು! ನಿಮ್ಮಜ್ಜಿ ನನ್ನ ಹುಡುಕೂದೂ ಹಂಗ. ಮೊದಲ ಕಟ್ಟಿ, ಆಮ್ಯಾಲ ಚಾದಂಗಡಿ, ಆಮ್ಯಾಲ ಗುಡಿ."

"ಗುಡಿತನಕ ಅಜ್ಜಿ ಯಾವತ್ತೂ ಹೋಗೇ ಇಲ್ಲ. ಚಾದಂಗಡ್ಯಾಗ ಸಿಕ್ಕಬಿಡ್ತಿ! ಇದಕ್ಕ ನೋಡು, ಬ್ಯಾಡಗಿದು ಅಷ್ಟ ಸಿಗತೈತಿ. ಉಳಿದ ಎರಡೂ ಸಿಗವಲ್ದು."

ಆ ರೌಟರಿಗೆ ಪಟ್ಟಿಯನ್ನು ಅಕ್ಷರದಲ್ಲಿ ಕೊಟ್ಟರೆ ನಡೆಯದು, ಅಂಕಿಯಲ್ಲೇ ಕೊಡಬೇಕು. ಪ್ರತಿ ಹೆಸರಿಗಿಂತ ಮೊದಲು ಅದರಲ್ಲಿ ಎಷ್ಟು ಅಕ್ಷರ ಇವೆ ಅನ್ನುವುದನ್ನೂ ಬರೆಯಬೇಕು. ಅಕ್ಷರಗಳ ಅಂಕಿಯನ್ನು ಅವಳು ಪುಸ್ತಕ ನೋಡಿ ಬರೆದಿದ್ದಳು, ಎಣಿಕೆಯನ್ನು ಮಾತ್ರ ಬೆರಳು ಮಡಿಚಿ.

"ಇಂಗ್ಲಿಷಿನಾಗ ಬ್ಯಾಡಗಿಗೆ ಆರು, ರಾಣೆಬೆನ್ನೂರಿಗೆ ಹತ್ತು, ಹಾವೇರಿಗೆ ಆರು. ಮೂರು ಸಲ ಎಣಿಸೇನಿ ಅಜ್ಜಾ."

"ಮತ್ತ ಹಾವೇರಿದು ಸರಿ ಇದ್ದರ ಅದ್ಯಾಕ ಸಿಗವಲ್ದು?"

"ಅದು ಒಂದರ ಬೆನ್ನಿಗೊಂದು ಓದ್ಕೊಂತ ಹೋಗತೈತಿ. ನಡುವಿಂದು ತಪ್ಪಿದ್ರ ಮುಂದಿಂದೂ ಕೆಡತೈತಿ. ಇದರ ಲೆಕ್ಕ ಬ್ಯಾರೆ. ನಮಗ ಹತ್ತಾದ ಮ್ಯಾಲ ಮುಂದಿನ ಮನಿ, ಇದಕ್ಕ ಹದಿನಾರಾದ ಮ್ಯಾಲ" ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದಳು.

ಹದಿನಾರು! ಹದಿನಾರು ಚಟಾಕಿಗೆ ಒಂದು ಸೇರು. ಆ ಲೆಕ್ಕದೊಳಗೇ ಮುಳುಗಿ ಎದ್ದವನು ನಾನು. ಹಾಳೆ ನೋಡಿದೆ. ರಾಣೆಬೆನ್ನೂರಿನ ಎದುರು ಒಂದು, ಅದರ ಪಕ್ಕ ಸೊನ್ನೆ.

"ಅವ್ವಿ, ಒಂದು ಸೇರು, ಸೊನ್ನೆ ಚಟಾಕು. ಎಷ್ಟಾತು?"

"ಎಷ್ಟಾತು?"

"ಹದಿನಾರ ಚಟಾಕು. ರಾಣೆಬೆನ್ನೂರಿಗೆ ಹತ್ತ ಬೇಕಂದಿ, ಪೂರಾ ಒಂದು ಸೇರು ಸುರುವೀದಿ. ಹೆಚ್ಚಿಂದು ಮುಂದಿನ ಡಬ್ಬಿಂದ ಕುಡದೈತಿ ಅದು."

ರೊಟ್ಟಿಯ ಚೂರು ಅವಳ ಕೈಯಲ್ಲೇ ನಿಂತಿತು. ಆ ಲೆಕ್ಕದಲ್ಲಿ ಹತ್ತಕ್ಕೆ ಬೇರೆಯದೇ ಒಂದು ಗುರುತು ಉಂಟು. ಅದು ಅವಳಿಗೆ ಗೊತ್ತೂ ಇತ್ತು. ಗಡಿಬಿಡಿಯಲ್ಲಿ ಬೆರಳಿನ ಲೆಕ್ಕ ಹಾಳೆಗೆ ಇಳಿದುಬಿಟ್ಟಿತ್ತು. ಎಡಗೈಯಲ್ಲೇ ರೌಟರಿನ ಪಟ್ಟಿ ತಿದ್ದಿದಳು. ಹೊಸ ಪಟ್ಟಿ ಇಸಕೊಳ್ಳಲಿ ಎಂದು ಯಂತ್ರವನ್ನು ಮಲಗಿಸಿ ಎಬ್ಬಿಸಿದಳು. ಸಾಹುಕಾರರನ್ನು ಕೂಗಿದಳು.

ಅವರು ಒಂದೇ ಬೆರಳಿನಿಂದ ರಾಣೆಬೆನ್ನೂರಿನ ಗೋದಾಮಿನ ಸಣ್ಣ ಹೆಸರು ಕುಟ್ಟಿದರು. ಅಲ್ಲಿನ ಗೋವಿನಜೋಳದ ಬೀಜದ ಚೀಲಗಳ ಪಟ್ಟಿ ಕಣ್ಣೆದುರು ಬಂತು. ಹಾವೇರಿಯದನ್ನು ಕುಟ್ಟಿದರು. ಅದೂ ಬಂತು. ನಂಬಿಕೆಯಾಗದೆ ಮತ್ತೊಮ್ಮೆ ಕುಟ್ಟಿದರು.

"ಎಲ್ಲಿತ್ತು ತಪ್ಪು?"

"ಅಳತ್ಯಾಗರಿ. ನಮ್ಮಜ್ಜ ಹಿಡದಾನ."

"ಇವರಾ? ಇವರ ಅಳತಿ ಯಾವಾಗಲೂ ನೊರಿಯಷ್ಟು ಕಡಿಮಿ ಇರತಿತ್ತಂತ ನಮ್ಮವ್ವ ಬೈತಿದ್ಲು!"

"ಅದಕ್ಕನ ಸಾಹುಕಾರ್ರ, ಜಾಸ್ತಿ ಬಿದ್ದದ್ದು ನನಗ ಲಗೂ ತಿಳೀತು" ಎಂದೆ.

ಸಾಹುಕಾರರು ನಗುತ್ತಲೇ ಹುಬ್ಬಳ್ಳಿಗೆ ಫೋನ್ ಹಚ್ಚಿ, ಬರುವುದು ಬೇಡ ಎಂದರು. "ಸೋಮವಾರ ಒಂಬತ್ತಕ್ಕ ಬಾರವಾ" ಎಂದು ಇವಳಿಗೆ ಹೇಳಿದರು. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಚಾದಂಗಡಿಯಲ್ಲಿ ಸಿಕ್ಕವರಿಗೆಲ್ಲ, ಪಾಪ ಮೊದಲೇ ಕೇಳಿದವರಿಗೂ, ಇದೇ ಕಥೆ ಹೇಳುತ್ತ ನಿಂತಿದ್ದೆ. ಕಟ್ಟೆ ನೋಡಿ ಬಂದ ಹೆಂಡತಿ ಎರಡನೇ ಕಡೆಯಲ್ಲೇ ನನ್ನನ್ನು ಹಿಡಿದಳು.

"ಡಬ್ಬಿ ಎಲ್ಲೈತಿ?"

"ಅಂಗಡ್ಯಾಗ ಬಿಟ್ಟ ಬಂದೇನಿ. ಇರ್ಲಿ ಬಿಡು, ಸೋಮವಾರ ರೊಟ್ಟಿ ಹಾಕ್ಕೊಡಾಕ ಹೊಸಾ ಡಬ್ಬಿನ ಬೇಕಾಕೈತಿ. ಮೊಮ್ಮಗಳು ದಿನಾ ಕೆಲಸಕ್ಕ ಹೋಗೂಕಿ ಇನ್ನ."

ಅವಳು ಕಣ್ಣೊರೆಸಿಕೊಂಡಳು, ಆಮೇಲೆ ನನ್ನ ಕೈಯಲ್ಲಿದ್ದ ಚಹಾ ಕಸಿದು ತಾನೇ ಕುಡಿದಳು.