ನೈರೋಬಿಯಿಂದ ಬಂದ ಚದುರಂಗದ ಕಾರ್ಡು

1960ನೇ ಇಸವಿಯ ಬೇಸಿಗೆ. ಮದುವೆಯಾಗಿ ತಿಪಟೂರಿನಿಂದ ಜಯನಗರಕ್ಕೆ ಬಂದು ನನಗೆ ಹತ್ತು ತಿಂಗಳಾಗಿತ್ತು. ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೆಳಗ್ಗೆ ನಮ್ಮ ಯಜಮಾನರು ಕಾರ್ಖಾನೆಗೆ ಹೊರಟರೆ ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ಮಾವ ಮತ್ತು ನಾನು.

ಮಾವನವರು ರಿಟೈರ್ ಆದ ಹೈಸ್ಕೂಲು ಮೇಷ್ಟ್ರು. ಹಳೆಯ ನಾಣ್ಯ ಕೂಡಿಡುವುದರಲ್ಲಿ ಅವರದು ದೊಡ್ಡ ಹೆಸರು. ಭಾನುವಾರ ಬಂತೆಂದರೆ ಬಸವನಗುಡಿ, ಮಲ್ಲೇಶ್ವರದಿಂದೆಲ್ಲ ಜನ ಬಂದು, ಟಿಪ್ಪುವಿನ ಕಾಲದ ತಾಮ್ರದ ಕಾಸುಗಳನ್ನು ಭೂತಗನ್ನಡಿಯಲ್ಲಿ ನೋಡಿ, ನಾನು ಮಾಡಿದ ಕಾಫಿ ಕುಡಿದು ಹೋಗುತ್ತಿದ್ದರು. ಆದರೆ ಮಾವನವರ ಮುಖ ಅರಳುತ್ತಿದ್ದದ್ದು ನಾಣ್ಯಕ್ಕಲ್ಲ, ನೈರೋಬಿಯಿಂದ ಬರುವ ಪೋಸ್ಟ್ ಕಾರ್ಡಿಗೆ. ಅಲ್ಲಿ ರೈಲ್ವೆಯಲ್ಲಿ ಕೆಲಸಕ್ಕಿದ್ದ ಗಂಗಾಧರಯ್ಯ ಎಂಬ ಬಾಲ್ಯಸ್ನೇಹಿತರ ಜೊತೆ ಅವರು ಅಂಚೆಯಲ್ಲಿ ಚದುರಂಗ ಆಡುತ್ತಿದ್ದರು. ಒಂದು ಕಾರ್ಡಿಗೆ ಒಂದು ನಡೆ. ಕಾರ್ಡು ಹೋಗಿ ಉತ್ತರ ಬರಲು ಮೂರು ನಾಲ್ಕು ವಾರ. ಆ ಒಂದು ಆಟ ಶುರುವಾಗಿ ಎರಡು ವರ್ಷವಾಗಿತ್ತಂತೆ.

"ಕಾಸು ಊರವರಿಗೆ ತೋರ್ಸೋಕೆ ಕಣೇ, ಇದು ನನಗೆ" ಎಂದು ಅವರು ಅತ್ತೆಗೆ ಹೇಳಿದ್ದನ್ನು ಒಮ್ಮೆ ಕೇಳಿಸಿಕೊಂಡಿದ್ದೆ.

ನನ್ನ ಜೊತೆ ಅವರಿಗೆ ಮಾತೇ ಇರಲಿಲ್ಲ. ಕೋಪವೇನೂ ಅಲ್ಲ, ಅವರ ಸ್ವಭಾವವೇ ಹಾಗೆ. ನಾನು ಎದುರಿಗೇ ನಿಂತಿದ್ದರೂ, "ಅವಳಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ" ಎಂದು ಅತ್ತೆಗೆ ಹೇಳುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿ ಅದನ್ನೇ ಇನ್ನೊಂದು ಸಲ ಹೇಳುತ್ತಿದ್ದರು.

ಇನ್ನು ನನ್ನ ಹುಚ್ಚು ಅಂಚೆಚೀಟಿ. ನಮ್ಮ ತಂದೆ ಪೋಸ್ಟ್ ಮಾಸ್ಟರು. ಹಾಗಾಗಿ ಚೀಟಿ ಸಂಗ್ರಹಿಸುವುದು ಚಿಕ್ಕಂದಿನಿಂದ ಬಂದದ್ದು. ಮದುವೆಯ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಎರಡು ಆಲ್ಬಂ ತಂದಿದ್ದೆ. ನೈರೋಬಿಯ ಕಾರ್ಡುಗಳ ಮೇಲಿನ ಜಿರಾಫೆ, ಆನೆಗಳ ಚೀಟಿ ಕಂಡಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಅತ್ತೆಯ ಮೂಲಕ ಒಂದು ಸಲ ಕೇಳಿಸಿದ್ದೆ. "ಕಾರ್ಡು ಕೆಡುತ್ತೆ ಅಂತ ಹೇಳು" ಎಂಬ ಉತ್ತರ ಬಂತು. ಮಾವನವರು ಅಷ್ಟೂ ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿ ಡಬ್ಬದಲ್ಲಿ ಇಡುತ್ತಿದ್ದರು.

ಆ ದಿನ ಮಾವನವರು ಯಾರದೋ ನಾಣ್ಯ ನೋಡಲು ಪೇಟೆಗೆ ಹೋಗಿದ್ದರು, ಅತ್ತೆ ಪಕ್ಕದ ಮನೆಯಲ್ಲಿದ್ದರು. ಪೋಸ್ಟಿನವನು ಕಾರ್ಡು ನನ್ನ ಕೈಗೇ ಕೊಟ್ಟ. ನನ್ನ ಆಲ್ಬಮ್ಮಿನಲ್ಲಿ ಇಲ್ಲದ ಜಿರಾಫೆ! ಮಾವನವರು ಓದುವುದು ಹಿಂಬದಿಯನ್ನು, ಚೀಟಿಯ ಕಡೆ ಅವರು ನೋಡುವುದೂ ಇಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಕಾರ್ಡಿನ ಮೂಲೆಯನ್ನು ಅದರಲ್ಲಿ ಅದ್ದಿಟ್ಟೆ. ಹಿಂಬದಿ ತಿರುಗಿಸಿ ನೋಡಲಿಲ್ಲ. ಇನ್ನೊಬ್ಬರ ಕಾಗದ ಓದಬಾರದು ಎಂದು ತಂದೆ ಕಲಿಸಿದ್ದರು. ಓದುವುದು ತಪ್ಪು, ಚೀಟಿ ಕದಿಯುವುದು ಪರವಾಗಿಲ್ಲ! ನನ್ನ ಆ ದಿನದ ನಿಯತ್ತು ನೆನೆದರೆ ಈಗಲೂ ನಗು ಬರುತ್ತದೆ.

ಒಲೆಯ ಮೇಲಿನ ಬೇಳೆ ಉಕ್ಕಿತೆಂದು ಒಳಗೆ ಹೋದವಳು ತಡಮಾಡಿಬಿಟ್ಟೆ. ಬಂದು ನೋಡಿದರೆ ತಟ್ಟೆಯ ನೀರೆಲ್ಲ ನೀಲಿ. ಚೀಟಿಯೇನೋ ಬಲು ಚೆನ್ನಾಗಿ ಬಿಟ್ಟುಕೊಂಡಿತ್ತು. ಕಾರ್ಡು ಅರ್ಧಕ್ಕೂ ಮೇಲೆ ನೀರು ಕುಡಿದಿತ್ತು. ಈಗ ಹಿಂಬದಿ ತಿರುಗಿಸಿದೆ. "ನನ್ನ ನಡೆ" ಎಂಬ ಎರಡು ಪದಗಳ ಮುಂದೆ ಶಾಯಿ ಕದಡಿ ಏನೂ ಕಾಣುತ್ತಿರಲಿಲ್ಲ. ಕೆಳಗಿನ "ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ" ಮಾತ್ರ ಸ್ಪಷ್ಟವಾಗಿತ್ತು.

ಮಳೆಯಲ್ಲಿ ನೆನೆಯಿತು ಎನ್ನೋಣವೆಂದರೆ ಹೊರಗೆ ಸುಡುಬಿಸಿಲು. ಪೋಸ್ಟಿನವನೇ ನೀರಿಗೆ ಬೀಳಿಸಿದ ಎನ್ನಬಹುದಿತ್ತು. ಆದರೆ ಪೋಸ್ಟ್ ಮಾಸ್ಟರ ಮಗಳಾಗಿ ಆ ಪಾಪದವನ ತಲೆಗೆ ಕಟ್ಟಲು ಬಾಯಿ ಬರಲಿಲ್ಲ. ಈ ಮನೆಯಲ್ಲಿ ಇನ್ನೂ ಕಾಲೂರಿಲ್ಲ, ಅಷ್ಟರಲ್ಲೇ ಕಳ್ಳಿ ಅನ್ನಿಸಿಕೊಂಡೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಮಾವನವರು ಬಂದು ಕಾಲು ತೊಳೆದುಕೊಂಡ ಮೇಲೆ ಕಾರ್ಡನ್ನೂ ಚೀಟಿಯನ್ನೂ ಅವರ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಭೂತಗನ್ನಡಿ ತಂದು ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕುರ್ಚಿಯಲ್ಲಿ ಕುಸಿದು, "ಈಗೇನ್ ಮಾಡೋದು? ಇನ್ನೊಂದು ತಿಂಗಳು ಕಾಯ್ಬೇಕಲ್ಲ" ಎಂದು ತಮಗೆ ತಾವೇ ಅಂದುಕೊಂಡರು.

ಹಾಲಿನ ಮೂಲೆಯ ಟೀಪಾಯಿಯ ಮೇಲೆ ಚದುರಂಗದ ಹಾಸು ಹಾಗೇ ಇತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ನಾನು ದಿನಾ ಅದರ ಸುತ್ತ ಗುಡಿಸುವಾಗ ಕಾಯಿಗಳನ್ನು ನೋಡುತ್ತಲೇ ಇದ್ದೆ. ಯಾವ ಧೈರ್ಯದಲ್ಲೋ, "ಮಾವ, ಅವರು ಆನೆ ನಡೆಸಿರ್ತಾರೆ" ಎಂದುಬಿಟ್ಟೆ.

ಅವರು ತಲೆಯೆತ್ತಿದರು. ಅತ್ತೆ ಆ ಹೊತ್ತಿಗೆ ಮನೆಗೆ ಬಂದು ಬಾಗಿಲಲ್ಲಿ ನಿಂತಿದ್ದರು. ಆದರೂ ಮಾವನವರು ನೇರವಾಗಿ ನನ್ನನ್ನೇ ಕೇಳಿದರು. "ನಿನಗೆ ಚದುರಂಗ ಬರುತ್ತಾ?"

"ಬರುತ್ತೆ ಮಾವ. ಮಧ್ಯಾಹ್ನ ಪೋಸ್ಟಾಫೀಸಲ್ಲಿ ಕೆಲಸ ಇಲ್ದಾಗ ಅಪ್ಪ ಕಲಿಸಿದ್ರು."

"ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಅವರು ಟೀಪಾಯಿಯ ಹತ್ತಿರ ಕರೆದರು. ಖಾಲಿ ಬಿದ್ದಿದ್ದ ಸಾಲನ್ನು ತೋರಿಸಿ, ಆನೆ ಅಲ್ಲಿ ಬಂದು ನಿಂತರೆ ನಿಮ್ಮ ರಾಜನಿಗೆ ಉಸಿರಾಡಲು ಜಾಗವಿರುವುದಿಲ್ಲ ಎಂದೆ. ಅವರು "ಹೂಂ" ಎಂದರು ಅಷ್ಟೇ. ಸಂಜೆ ಕೂತು ಸ್ನೇಹಿತರಿಗೆ ಕಾರ್ಡು ಬರೆದು ನನಗೆ ಓದಿ ಹೇಳಿದರು: "ನೀರು ಬಿದ್ದು ನಿಮ್ಮ ನಡೆ ಅಳಿಸಿಹೋಯಿತು. ಆನೆ ಇರಬೇಕೆಂದು ನನ್ನ ಸೊಸೆಯ ಊಹೆ. ಹೌದಾದರೆ ನನ್ನ ಉತ್ತರ ಕೆಳಗಿದೆ. ಅಲ್ಲವಾದರೆ ತಿಳಿಸಿ." ನೀರು ಯಾರ ಕೈಯಿಂದ ಬಿತ್ತೆಂದು ಅವರು ಬರೆದಿರಲಿಲ್ಲ. ಅತ್ತೆಗೂ ಹೇಳಲಿಲ್ಲ.

ನಾಲ್ಕು ವಾರ ನಾನು ಪೋಸ್ಟಿನವನ ದಾರಿ ಕಾದೆ. ಕೊನೆಗೊಂದು ದಿನ ಉತ್ತರ ಬಂತು. "ನಾನು ನಡೆಸಿದ್ದು ಕುದುರೆ. ಆನೆ ನನಗೆ ಹೊಳೆಯಲೇ ಇಲ್ಲ. ನಿಮ್ಮ ಸೊಸೆ ಹೇಳಿದ್ದನ್ನೇ ನನ್ನ ನಡೆ ಮಾಡಿಕೊಳ್ಳಬಹುದೆ? ಬೇಡವೆಂದರೆ ಕುದುರೆಯೇ ಇರಲಿ, ನನಗೇನೂ ಬೇಸರವಿಲ್ಲ."

ಮಾವನವರು ಎರಡು ದಿನ ಹಾಸಿನ ಮುಂದೆಯೇ ಕೂತರು. "ಆ ಮರದ ತುಂಡು ನೋಡ್ತಾ ಕೂತ್ರೆ ಅನ್ನ ಆರಿಹೋಗುತ್ತೆ" ಎಂದು ಅತ್ತೆ ಗೊಣಗಿದರೂ ಏಳಲಿಲ್ಲ. ಊಹೆ ತಪ್ಪಾಯಿತಲ್ಲ ಎಂದು ನಾನು ಅಡುಗೆಮನೆಯಿಂದ ಈಚೆಗೆ ಬರಲೇ ನಾಚುತ್ತಿದ್ದೆ. ಮೂರನೇ ದಿನ ಬೆಳಗ್ಗೆ, "ಸರೋಜಾ, ಬಾ ಇಲ್ಲಿ" ಎಂದು ಕರೆದರು. ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.

"ಅವನು ಕುದುರೆ ನಡೆಸಿದ್ರೆ ಯಾರು ಗೆಲ್ತಾರೆ?"

"ನೀವೇ, ಮಾವ."

"ಆನೆ ನಡೆಸಿದ್ರೆ?"

ನಾನು ಅತ್ತೆಯ ಮುಖ ನೋಡಿದೆ.

"ಹೇಳಮ್ಮ, ಪರವಾಗಿಲ್ಲ."

"ಅವರು."

ಮಾವನವರು ನಕ್ಕು, ಗಂಗಾಧರಯ್ಯನವರ ಆನೆಯನ್ನು ತಮ್ಮ ಕೈಯಾರೆ ಎತ್ತಿ, ನಾನು ತೋರಿಸಿದ್ದ ಮನೆಯಲ್ಲಿಟ್ಟರು. ಅತ್ತೆಗೆ ಆಟ ತಿಳಿಯದಿದ್ದರೂ ಮಾತು ತಿಳಿಯಿತು. "ಏನ್ರೀ ಇದು, ಎರಡು ವರ್ಷ ಆಡಿ ಈಗ ಬೇಕೂಂತ ಸೋಲ್ತೀರಾ?" ಎಂದರು.

"ಸೋತರೂ ನಮ್ಮನೆ ಹುಡುಗಿ ಕೈಲೇ ತಾನೇ" ಎಂದರು ಮಾವ.

ದೀಪಾವಳಿಗೆ ಮೊದಲೇ ಅವರು ಆ ಆಟ ಸೋತರು. ಅದರ ಬಗ್ಗೆ ನನಗೆ ಇಂದಿಗೂ ಸ್ವಲ್ಪ ಸಂಕಟವಿದೆ. ಆದರೆ ಮದುವೆಯಾದಾಗಿನಿಂದ ಯಾರಾದರೂ "ಮನೆ ಎಲ್ಲಿ?" ಎಂದು ಕೇಳಿದರೆ ನನ್ನ ಬಾಯಿಗೆ ಮೊದಲು ಬರುತ್ತಿದ್ದದ್ದು ತಿಪಟೂರು. ಆ ಬೆಳಗಿನ ನಂತರ ಯಾರು ಕೇಳಿದರೂ ಜಯನಗರ ಎಂದೇ ಹೇಳಿದ್ದೇನೆ.